ಯಾರ ಕೈ ಮೇಲು?

ನನ್ನ ಬೆನ್ನು, ಪಕ್ಕೆಗಳು ಹಳೆಯ ರೈಲು ಡಬ್ಬಿಯ ಸಾಗುವಾನಿ. ಎದೆಯ ಹಲಗೆ ಮಾತ್ರ ಪರದೇಶದ್ದು. ಯಾವುದೋ ಯಂತ್ರದ ಭಾಗಗಳನ್ನು ಹೊತ್ತು ಹಡಗಿನಲ್ಲಿ ಬಂದ ಪೈನ್ ಮರದ ಪೆಟ್ಟಿಗೆಯ ಮುಚ್ಚಳ ಅದು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಡಿಗನಾಗಿದ್ದ ಮೌನೇಶಪ್ಪ ಈ ಎರಡನ್ನೂ ಹರಾಜಿನಲ್ಲಿ ಹಿಡಿದು, ಮನೆಯ ಹಿತ್ತಿಲಲ್ಲಿ ಕುಳಿತು ನನ್ನನ್ನು ಮಾಡಿದ. ಅದುವರೆಗೆ ಅವನು ಮಾಡಿದ್ದು ಡಬ್ಬಿಯ ಕಿಟಕಿ, ಸೀಟು, ಬಿಟ್ಟರೆ ಬಂಧುಬಳಗಕ್ಕೆ ಒಂದಿಷ್ಟು ತೊಟ್ಟಿಲು. ಗಿಟಾರು ಅಂತ ಮಾಡಿದ್ದು ನನ್ನೊಂದನ್ನೇ. ಮೊದಲ ಸಲ ತಂತಿ ಕಟ್ಟಿ ಮೀಟಿದಾಗ ನನ್ನ ದನಿ ತಗಡಿನ ಡಬ್ಬ ಬಡಿದ ಹಾಗೆ ಬಂತು. ಅವನು ತಂತಿ ಬಿಚ್ಚಿ, ಎದೆಯ ಹಲಗೆ ಕಿತ್ತು, ಇನ್ನಷ್ಟು ತೆಳ್ಳಗೆ ಹೆರೆದು ಮತ್ತೆ ಕೂರಿಸಿದ. ಎರಡನೆಯ ಸಲ ನಾನು ಮಾತಾಡಿದೆ.

ನನ್ನನ್ನು ಮಾಡಿಸಿದವನು ಸಿರಿಲ್ ಫಾಲ್ಕನರ್, ಗೂಡ್ಸ್ ಗಾಡಿಯ ಗಾರ್ಡ್. ಆಂಗ್ಲೋ ಇಂಡಿಯನ್ ಮನುಷ್ಯ, ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ. ಹೆಂಡತಿ ಡೋರಿಸ್ ಅಲ್ಲಿಯ ಶಾಲೆಯಲ್ಲಿ ಟೀಚರ್. ಊರಲ್ಲಿ ಗಿಟಾರು ಹಿಡಿದವರು ಬೇರೆಯವರೂ ಇದ್ದರು. ಅವರೆಲ್ಲ ಪ್ಲಾಸ್ಟಿಕ್ಕಿನ ಚೂರೊಂದನ್ನು ಹಿಡಿದು ತಂತಿಗಳನ್ನು ಗೀಚುತ್ತಿದ್ದರು. ಪಕ್ಕದಲ್ಲಿ ಹಾಡುವವರೊಬ್ಬರು ಬೇಕಾಗುತ್ತಿತ್ತು. ಸಿರಿಲ್ ಬರಿಬೆರಳಲ್ಲಿ ನುಡಿಸುತ್ತಿದ್ದ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ಹಿಡಿದು ನಡೆಯುತ್ತಿತ್ತು, ಅದರ ಪಕ್ಕದ ಮೂರು ಬೆರಳುಗಳು ತೆಳು ತಂತಿಗಳಿಂದ ಹಾಡನ್ನು ಎತ್ತುತ್ತಿದ್ದವು. ಇದಕ್ಕೆ ಫಿಂಗರ್‌ಸ್ಟೈಲ್ ಅನ್ನುತ್ತಾರೆ.

ಗುರುಪಾದ ಅಣ್ಣಿಗೇರಿ ನಮ್ಮ ಮನೆಗೆ ಬಂದದ್ದು ಫ್ಯಾನು ರಿಪೇರಿಗೆ. ಕಾರ್ಖಾನೆಯಲ್ಲಿ ಡಬ್ಬಿಗಳ ದೀಪ, ಫ್ಯಾನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್, ಇನ್ನೂ ಮದುವೆಯಾಗದ ಹುಡುಗ. ಜಗಲಿಯ ಆಚೆ ಬಹಳ ಹೊತ್ತು ನಿಂತು ಕೇಳಿ, ಒಳಗೆ ಬಂದು ಸುತ್ತಲೂ ನೋಡಿದ.

"ಸಾಹೇಬ್ರ, ಇನ್ನೊಬ್ಬರು ಎಲ್ಲಿ ಅದಾರ್ರಿ?"

"ಯಾವ ಇನ್ನೊಬ್ಬರು?"

"ನಿಮ್ಮ ಕೂಡ ಬಾರಸಾಕತ್ತಿದ್ರಲ್ರಿ, ಅವರು."

ಸಿರಿಲ್ ನಕ್ಕು ನನ್ನನ್ನು ಅವನ ತೊಡೆಯ ಮೇಲಿಟ್ಟ. ಅಂದಿನಿಂದ ಪ್ರತಿ ಭಾನುವಾರ ಗುರುಪಾದ ಬರತೊಡಗಿದ. ಅವನ ತಂದೆ ಮಠದಲ್ಲಿ ಭಜನೆ ಹಾಡುವವರು. ಅವನ ಕಿವಿಯಲ್ಲಿ ಆ ಹಾಡುಗಳಿದ್ದವು. ಸಿರಿಲ್ ಹೇಳಿಕೊಟ್ಟಿದ್ದನ್ನೆಲ್ಲ ಕಲಿತ ಮೇಲೆ ಒಂದು ದಿನ ನನ್ನ ಎರಡು ತಂತಿಗಳನ್ನು ಸಡಿಲಿಸಿ, ಹೆಬ್ಬೆರಳಿನಿಂದ ತಂಬೂರಿಯಂತೆ ಶ್ರುತಿ ಹಿಡಿದು, ಮೇಲೆ ಒಂದು ಭಜನೆಯ ಧಾಟಿ ನುಡಿಸಿದ. ಎಡಗೈಯಿಂದ ತಂತಿಯನ್ನು ಪಕ್ಕಕ್ಕೆ ಜಗ್ಗಿ ಸ್ವರವನ್ನು ಹೊರಳಿಸಿದ. ನನಗೆ ಹಾಗೂ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಇದು ನಾ ಕಲಿಸಿದ್ದಲ್ಲ," ಅಂದ ಸಿರಿಲ್.

"ಹೌದ್ರಿ. ತಪ್ಪಾತೇನ್ರಿ?"

"ತಪ್ಪೇನಿಲ್ಲ. ಇನ್ನೊಮ್ಮೆ ಬಾರ್ಸು."

ಮುಂದೆ ಗುರುಪಾದ ತನ್ನದೇ ಒಂದು ಗಿಟಾರು ಕೊಂಡ. ಕಾರ್ಖಾನೆಯ ಗೇಟಿನ ಎದುರು ದಾವಲಸಾಬನ ಚಾದಂಗಡಿ ಇತ್ತು. ಶನಿವಾರ ಸಂಜೆ ಇಬ್ಬರೂ ಅಲ್ಲಿ ಕೂತು ನುಡಿಸುವುದು ರೂಢಿಯಾಯಿತು. ವಾದ ಹುಟ್ಟಿದ್ದು ಆ ಅಂಗಡಿಯ ಬೆಂಚಿನ ಮೇಲೆ. ಮೊದಮೊದಲು ಅದು ಸಿರಿಲನ ಗ್ರಾಮಫೋನ್ ರೆಕಾರ್ಡುಗಳಲ್ಲಿದ್ದ ಪರದೇಶದವರ ಬಗ್ಗೆ ಇತ್ತು: ಫಿಂಗರ್‌ಸ್ಟೈಲಿನಲ್ಲಿ ಎಲ್ಲರಿಗಿಂತ ದೊಡ್ಡವನು ಇವನೋ, ಅವನೋ. ಕಣ್ಣಾರೆ ಕಂಡಿಲ್ಲದವರ ಬಗ್ಗೆ ಎಷ್ಟು ದಿನ ಜಗಳಾಡುವುದು? ವಾದ ಊರಿಗೆ ಬಂತು.

ಸ್ಟೋರಿನ ಗುಮಾಸ್ತ ವಾಮನರಾವ್ ಸಿರಿಲನ ಕಡೆ. "ಸಾಹೇಬ್ರ ಹೆಬ್ಬೆರಳಿಗೆ ಸಾಟಿ ಇಲ್ರೀ. ಒಂದು ಕೂದಲೆಳಿ ಅತ್ತಿತ್ತ ಆಗೂದಿಲ್ಲ."

ಫಿಟ್ಟರ್ ಫಕ್ಕೀರಪ್ಪ ಗುರುಪಾದನ ಕಡೆ. "ಅತ್ತಿತ್ತ ಆಗದ್ದು ಗಡಿಯಾರನೂ ಐತ್ರಿ. ಗುರುಪಾದ ತಂತಿ ಜಗ್ಗಿದ್ರ ಎದಿಯಾಗ ಏನರ ಆಗ್ತೈತಿ."

"ಕಲಿಸಿದಾಂವ ದೊಡ್ಡಾಂವೋ, ಕಲಿತಾಂವ ದೊಡ್ಡಾಂವೋ?"

"ಹಂಗಾರ ಮೊದಲ್ನೇ ಇಂಜಿನ್ನ ಎಲ್ಲಾದಕ್ಕಿಂತ ಜೋರ ಓಡಬೇಕಿತ್ತಲ್ರಿ!"

"ಚಾ ಆರಾಕತ್ತೈತಿ, ಮೊದಲ ಅದನ್ನ ಮುಗಸ್ರಿ," ಅನ್ನುತ್ತಿದ್ದ ದಾವಲಸಾಬ. ಅವನು ಯಾರ ಕಡೆಯೂ ಅಲ್ಲ. ಎರಡೂ ಕಡೆಯವರು ಚಾ ಕುಡಿಯುತ್ತಿದ್ದರು.

ಸಿರಿಲ್, ಗುರುಪಾದ ಇಬ್ಬರೂ ಮೊದಲು ಇದನ್ನೆಲ್ಲ ಕೇಳಿ ನಗುತ್ತಿದ್ದರು. ಆದರೆ ದಿನವೂ ಕಿವಿಗೆ ಬಿದ್ದ ಮಾತು ಒಳಗೆ ಇಳಿಯದೆ ಇರುವುದಿಲ್ಲ. "ಅವನಿಗೆ ಗಿಟಾರ್ ಹಿಡಿಯೂದು ಕಲಿಸಿದಾಂವ ನಾ," ಎಂದು ಸಿರಿಲ್ ಒಮ್ಮೆ ಅಂದ. ಗುರುಪಾದನಿಗೆ ಮುಟ್ಟುವಾಗ ಅದು "ಅವನಿಗೆ ಗಿಟಾರ್ ಹಿಡಿಯಾಕ ಬರೂದಿಲ್ಲ" ಎಂದಾಗಿತ್ತು. "ಸಾಹೇಬ್ರು ರೆಕಾರ್ಡ್ ಕೇಳಿ ಕಲತಾರ," ಎಂದು ಗುರುಪಾದ ಅಂದದ್ದು "ಸಾಹೇಬ್ರದು ರೆಕಾರ್ಡಿನ ನಕಲು" ಎಂದಾಗಿ ನಮ್ಮ ಜಗಲಿಗೆ ಬಂತು. ಭಾನುವಾರಗಳು ನಿಂತವು. ಡೋರಿಸ್ ಇನ್ನೊಂದು ಕಪ್ಪು ತೆಗೆದಿಟ್ಟು, ಮತ್ತೆ ಒಳಗಿಡುವುದನ್ನು ನಾನು ಕೆಲವು ವಾರ ನೋಡಿದೆ.

ಅದೇ ವರ್ಷ ಘಟ್ಟದ ಹಾದಿಯಲ್ಲಿ, ಗಾಡಿಯ ಕೊನೆಗೆ ಗಾರ್ಡ್ ಕೂತು ಕೈಬ್ರೇಕಿನ ಗಾಲಿ ತಿರುವುವ ಬ್ರೇಕ್ ಡಬ್ಬಿಯ ಬಾಗಿಲು ಗಾಳಿಗೆ ಬಡಿದು ಸಿರಿಲನ ಬಲಗೈ ಸಂದಿಗೆ ಸಿಕ್ಕಿತು. ಗಾಯ ಮಾಯಿತು. ಆದರೆ ಉಂಗುರದ ಬೆರಳು, ಕಿರುಬೆರಳು ಸತ್ತ ಹಾಗೆ ಉಳಿದವು. ಈ ಸಂಗತಿ ಗೊತ್ತಿದ್ದದ್ದು ಡೋರಿಸ್‌ಗೆ, ಮತ್ತೆ ನನಗೆ. ನನ್ನ ತೀರ ತೆಳ್ಳನೆಯ ತಂತಿಯನ್ನು ಮುಟ್ಟುತ್ತಿದ್ದದ್ದೇ ಆ ಉಂಗುರದ ಬೆರಳು. ಅದು ಬಾರದಾದಾಗ ನಡುಬೆರಳು ಅಲ್ಲಿಗೆ ಓಡಿ ಬರತೊಡಗಿತು, ನಡುಬೆರಳಿನ ಕೆಲಸವನ್ನು ತೋರುಬೆರಳು ಹಿಡಿಯಿತು, ತೋರುಬೆರಳಿನದನ್ನು ಹೆಬ್ಬೆರಳು. ಒಂದೊಂದು ಹಾಡನ್ನೂ ಸಿರಿಲ್ ಕಿತ್ತು ಮತ್ತೆ ಕಟ್ಟಿದ. ಡೋರಿಸ್ ಶಾಲೆಗೆ ಹೋದ ಮೇಲೆ, ಕಿಟಕಿ ಮುಚ್ಚಿಕೊಂಡು. ಕೆಲವೊಮ್ಮೆ ಸ್ವರ ತಪ್ಪಿದರೆ ನನ್ನ ಪಕ್ಕೆಗೆ ಗುದ್ದುತ್ತಿದ್ದ. ಆಮೇಲೆ ಅಂಗೈಯಿಂದ ಅದೇ ಜಾಗವನ್ನು ಸವರುತ್ತಿದ್ದ.

ಚಾದಂಗಡಿಯ ಎರಡೂ ಪಕ್ಷದವರು ಸೇರಿ ರೈಲ್ವೆ ಇನ್‌ಸ್ಟಿಟ್ಯೂಟಿನ ವಾರ್ಷಿಕೋತ್ಸವದಲ್ಲಿ ಪಂದ್ಯ ಇಟ್ಟದ್ದು ಇದೇ ಹೊತ್ತಿಗೆ. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಒಪ್ಪಿಕೊಂಡರೆ ಕೈ ಕಾಣುತ್ತದೆ. ಸಿರಿಲ್ ಒಪ್ಪಿಕೊಂಡ.

ಸಭಾಂಗಣ ತುಂಬಿತ್ತು. ತೀರ್ಪು ಕೊಡಲು ಬೆಳಗಾವಿಯಿಂದ ಒಬ್ಬ ಮುದುಕ ಬ್ಯಾಂಡ್ ಮಾಸ್ತರರು ಬಂದಿದ್ದರು. ಮೊದಲು ಗುರುಪಾದ ನುಡಿಸಿದ. ಅಂದು ಅವನು ಬಹಳ ಚೆನ್ನಾಗಿ ನುಡಿಸಿದ. ಪ್ರತಿಸ್ಪರ್ಧಿಯ ತೊಡೆಯ ಮೇಲಿದ್ದೂ ನಾನು ಅದನ್ನು ಹೇಳಲೇಬೇಕು. ಆಮೇಲೆ ಸಿರಿಲ್. ಅರ್ಧದವರೆಗೆ ಎಲ್ಲ ಸರಿಯಿತ್ತು. ಕೊನೆಯಲ್ಲಿ ವೇಗ ಏರಿದಾಗ ನಡುಬೆರಳಿಗೆ ಎರಡು ಕೆಲಸ ಒಮ್ಮೆಗೇ ಬಂದವು, ಒಂದು ಸ್ವರ ಬಿಟ್ಟುಹೋಯಿತು. ಅಷ್ಟೆ. ಮಾಸ್ತರರು ಗುರುಪಾದನ ಹೆಸರು ಹೇಳಿದರು. ಫಕ್ಕೀರಪ್ಪನ ಕಡೆಯವರು ಸೀಟಿ ಹೊಡೆದರು. "ಮೋಸ!" ಎಂದು ವಾಮನರಾವ್ ಕುರ್ಚಿಯ ಮೇಲೆ ಹತ್ತಿ ನಿಂತ. ಗೆದ್ದವನ ಮುಖದಲ್ಲಿ ಮಾತ್ರ ನಗೆ ಇರಲಿಲ್ಲ. ಗುರುಪಾದ ಸಿರಿಲನ ಬಲಗೈಯನ್ನೇ ನೋಡುತ್ತಿದ್ದ.

ಆ ಭಾನುವಾರ ಅವನು ಜಗಲಿಗೆ ಬಂದ.

"ಉಂಗುರದ ಬೆರಳಿಗೆ ಏನಾಗೇತ್ರಿ, ಸಾಹೇಬ್ರ?"

"ಗೆದ್ದೀಯಲ್ಲ. ಮನಿಗೆ ಹೋಗು."

"ಅದೇನ ಗೆಲವ್ರಿ. ನೀವು ಕೈ ಕಟ್ಟಿಕೊಂಡು ಬಾರಿಸೀರಿ."

ಸಿರಿಲ್ ದನಿ ತಗ್ಗಿಸಿ, "ಯಾರ ಮುಂದೂ ಹೇಳಬ್ಯಾಡ. ಡಾಕ್ಟರಿಗೆ ಗೊತ್ತಾದ್ರ ನನ್ನ ಲೈನ್‌ನಿಂದ ಇಳಸ್ತಾರ. ಇಪ್ಪತ್ತು ವರ್ಷದಿಂದ ಗಾಡಿ ಹಿಂದ ಬದುಕೇನಿ," ಅಂದ.

"ಬ್ರೇಕಿನ ಗಾಲಿ ತಿರುವಾಕ ಆಗ್ತೈತೇನ್ರಿ?"

"ಎಡಗೈಲೆ ತಿರುವ್ತೇನಿ."

"ಘಟ್ಟದಾಗ, ಮಳಿ ಹೊಡಿಯೂಮುಂದ, ಗಾಡಿ ಹಿಂದಕ್ಕ ಜಾರಾಕತ್ರ?"

"ಹೋಗಂದೆ ನಿನಗ!"

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಡೋರಿಸ್ ಮೆಲ್ಲಗೆ ಅಂದಳು: "ಅವ ಕೇಳಿದ್ದನ್ನ ನಾ ದಿನಾ ಕೇಳಬೇಕಂತೇನಿ, ಸಿರಿಲ್. ನನಗ ಧೈರ್ಯ ಆಗಿದ್ದಿಲ್ಲ."

ಗುರುಪಾದ ಗೇಟು ತೆರೆದು ಹೊರಗೆ ನಿಂತ. "ನಾ ಯಾರಿಗೂ ಹೇಳೂದಿಲ್ರಿ. ನೀವ ಹೇಳ್ರಿ."

ಮುಂದಿನ ಗಾಡಿಗೆ ಸಿರಿಲ್ ಹೋಗಲಿಲ್ಲ. ಇಸ್ತ್ರಿಯ ಬಿಳಿ ಕೋಟು ತೊಟ್ಟು ರೈಲ್ವೆ ಆಸ್ಪತ್ರೆಗೆ ಹೋಗಿ ಕೈ ತೋರಿಸಿದ. ಅವನನ್ನು ಪಾರ್ಸೆಲ್ ಆಫೀಸಿಗೆ ಹಾಕಿದರು. ಅಂದೇ ನನಗೆ ಹಳೆಯ ಬೆಡ್‌ಶೀಟು ಸುತ್ತಿ ಕಪಾಟಿನ ಮೇಲೆ ಇಟ್ಟ. ಒಂದು ಇಡೀ ಮಳೆಗಾಲ ನಾನು ಅಲ್ಲೇ ಇದ್ದೆ. ಗಾಡಿಯ ಕೂಗು ಕೇಳಿದಾಗೆಲ್ಲ ಅವನು ಊಟದ ನಡುವೆ ಕೈ ನಿಲ್ಲಿಸುವುದು ಬೆಡ್‌ಶೀಟಿನ ಒಳಗಿಂದಲೂ ತಿಳಿಯುತ್ತಿತ್ತು.

ಸುದ್ದಿ ಚಾದಂಗಡಿಗೂ ಮುಟ್ಟಿತು. ಇನ್ನು ವಾದ ಮುಗಿಯಬೇಕಿತ್ತು. ಮುಗಿಯಲಿಲ್ಲ, ಬಿಸಿಯಾಯಿತು.

"ಎರಡು ಬೆರಳಿಲ್ದ ಅಷ್ಟು ಬಾರಿಸ್ಯಾರ. ಐದೂ ಇದ್ದಿದ್ರ?" ಎಂದು ವಾಮನರಾವ್.

"ಇದ್ದಿದ್ರ ಅನ್ನೂದು ಕಿವಿಗೆ ಕೇಳಸೂದಿಲ್ರಿ. ಅವತ್ತ ಕೇಳಿಸಿದ್ದು ಯಾರ್ದು?" ಎಂದು ಫಕ್ಕೀರಪ್ಪ.

ದಸರೆಯ ಹೊತ್ತಿಗೆ ಗುರುಪಾದ ಮತ್ತೆ ಬಂದ. ತನ್ನ ಗಿಟಾರು ತಂದಿರಲಿಲ್ಲ. ಯಾರನ್ನೂ ಕೇಳದೆ ಕಪಾಟಿನಿಂದ ನನ್ನನ್ನು ಇಳಿಸಿ, ಬೆಡ್‌ಶೀಟು ಬಿಚ್ಚಿ, ಜಗಲಿಯ ಬೆಂಚಿನ ಮೇಲೆ ಸಿರಿಲನಿಗೆ ಒತ್ತಿಕೊಂಡು ಕೂತ.

"ನಿಮ್ಮ ಎಡಗೈ ಚಲೋ ಐತಲ್ರಿ. ನೀವು ಸ್ವರಾ ಹಿಡೀರಿ. ನಾ ಮೀಟ್ತೀನಿ."

"ಹುಚ್ಚ ಹಿಡದೈತೇನು?"

"ಹಿಡೀರಿ ಸಾಹೇಬ್ರ."

ಮೊದಲ ದಿನ ಒಂದೇ ಬಾಗಿಲಲ್ಲಿ ಇಬ್ಬರು ಒಮ್ಮೆಗೇ ನುಗ್ಗಿದ ಹಾಗಾಯಿತು. ಇವನು ಮೀಟುವ ಹೊತ್ತಿಗೆ ಅವನು ಬೆರಳು ಎತ್ತಿರುತ್ತಿದ್ದ. ಸಿರಿಲ್ ಬೈದ, ಗುರುಪಾದ ತಿರುಗಿ ಬೈದ. ಒಳಗೆ ಡೋರಿಸ್ ನಗುವುದು ಕೇಳಿಸಿತು; ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ವಾರ ವಾರ ಕೂತರು. ಕ್ರಮೇಣ ಗುರುಪಾದ ಸಿರಿಲನ ಉಸಿರು ನೋಡಿ ಮೀಟುವುದನ್ನು ಕಲಿತ. ಸಿರಿಲ್ ತಂತಿ ಜಗ್ಗಿ ಸ್ವರ ಹೊರಳಿಸುವುದನ್ನು ಕಲಿತ. ಹಿಂದೆ ಅದನ್ನು ಅವನು ಒಮ್ಮೆಯೂ ಮಾಡಿದವನಲ್ಲ.

ಒಂದು ಭಾನುವಾರ ದಾವಲಸಾಬ ಮಗಳ ಮದುವೆಗೆ ಕರೆಯಲು ಬಂದ. ಜೊತೆಗೆ ವಾಮನರಾವ್, ಫಕ್ಕೀರಪ್ಪ. ಮದರಂಗಿ ಬೇಲಿಯಾಚೆಯೇ ಮೂವರೂ ನಿಂತುಬಿಟ್ಟರು.

"ಕೇಳ್ರಿ, ಕೇಳ್ರಿ. ಸಾಹೇಬ್ರ ಕೈ ಸುಧಾರಿಸೇತಿ. ಈ ಬೆರಳಿನ ಚಾಲು ಅವರದ," ಅಂದ ವಾಮನರಾವ್.

"ಏ, ಆ ಮೀಟು ಗುರುಪಾದಂದು. ಕಣ್ಣು ಕಟ್ಟಿದ್ರೂ ಹೇಳ್ತೇನಿ."

"ಏನ ಪಣ?"

"ಏನಂತೀರಿ ಅದು."

ದಾವಲಸಾಬ ಬೇಸತ್ತು ಗೇಟು ತೆರೆದ. ಮೂವರೂ ಒಳಗೆ ಬಂದು ನೋಡಿದರು. ಬೆಂಚಿನ ಮೇಲೆ ಇಬ್ಬರು, ನಡುವೆ ನಾನು. ನನ್ನ ಕುತ್ತಿಗೆ ಒಬ್ಬನ ಕೈಯಲ್ಲಿ, ಎದೆ ಇನ್ನೊಬ್ಬನ ಕೈಯಲ್ಲಿ. ಹಾಡು ಮುಗಿದ ಮೇಲೆ ಫಕ್ಕೀರಪ್ಪ ತಲೆ ಕೆರೆದುಕೊಂಡ.

"ಇದನ್ನ ಯಾರ ಹೆಸರಿಗೆ ಹಚ್ಚೂದ್ರಿ ಈಗ?"

ಆ ಮದುವೆಯಲ್ಲಿ ಅವರು ಹಾಗೆಯೇ ಕೂತು ನುಡಿಸಿದರು. ಜನ ನೋಡಲು ಬೆಂಚು ಹತ್ತಿ ನಿಂತರು. ಪಾರ್ಸೆಲ್ ಆಫೀಸಿನಿಂದ ನಿವೃತ್ತನಾದ ಮೇಲೂ ಸಿರಿಲ್ ಹುಬ್ಬಳ್ಳಿ ಬಿಡಲಿಲ್ಲ. ಕೊನೆಯ ಕಾಯಿಲೆಯಲ್ಲಿ ಕೈಗೆ ತ್ರಾಣ ಇಲ್ಲದಾಗ ಗುರುಪಾದ ಅವನ ಮಂಚದ ಪಕ್ಕ ಒಬ್ಬನೇ ನುಡಿಸುತ್ತಿದ್ದ, ಸಿರಿಲ್ ಹೊದಿಕೆಯ ಮೇಲೆ ಎಡಗೈ ಬೆರಳು ಆಡಿಸುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಡೋರಿಸ್ ನನ್ನನ್ನು ಗುರುಪಾದನ ಕೈಗಿತ್ತಳು.

"ನೀವ ಇಟ್ಕೋರಿ ಬಾಯಾರ," ಅಂದ ಅವನು.

"ನಾ ಇಟ್ಕೊಂಡ್ರ ಇದು ಮೂಕ ಆಗ್ತೈತಿ. ಒಯ್ಯಿ."

ಈಗ ನಾನು ಗುರುಪಾದನ ಮನೆಯ ಪಡಸಾಲೆಯ ಗೋಡೆಯ ಮೇಲಿದ್ದೇನೆ. ನನ್ನ ಕುತ್ತಿಗೆ ಬಾಗಿದೆ, ಎದೆಯ ಹಲಗೆ ಕುಸಿದಿದೆ. ತಂತಿ ಬಿಗಿದರೆ ಸೀಳುತ್ತದೆ. ಗುರುಪಾದನ ಬೆರಳುಗಳೂ ನಡುಗುತ್ತವೆ. ಮೊನ್ನೆ ವಾಮನರಾವ್, ಫಕ್ಕೀರಪ್ಪ ಇಬ್ಬರೂ ಕೋಲೂರಿಕೊಂಡು ಬಂದಿದ್ದರು. ಇನ್‌ಸ್ಟಿಟ್ಯೂಟಿನ ಗೋಡೆಗೆ ಒಂದು ಕಲ್ಲು ಕೂರಿಸುತ್ತಾರಂತೆ, ಊರಿನ ಅತಿ ದೊಡ್ಡ ಫಿಂಗರ್‌ಸ್ಟೈಲ್ ಗಿಟಾರ್ ವಾದಕನ ಹೆಸರಿನಲ್ಲಿ.

"ನೀನ ಹೇಳಿಬಿಡು ಗುರುಪಾದ. ಯಾರ ಹೆಸರು ಕೆತ್ತಸೂದು?" ಎಂದು ವಾಮನರಾವ್ ಕೇಳಿದ.

ಗುರುಪಾದ ಯೋಚಿಸಿ ಉತ್ತರ ಕೊಟ್ಟ. "ಅವತ್ತ ಪಂದ್ಯದಾಗ ನಾ ಚಲೋ ಬಾರಿಸಿದ್ನಿ. ಅದಕ್ಕಿಂತ ಮೊದಲ ಭಾಳ ವರ್ಷ ಅವರು ನನಗಿಂತ ಚಲೋ ಬಾರಿಸಿದ್ರು. ಕಡೀಕ ಇಬ್ಬರೂ ಕೂಡಿ ಬಾರಿಸಿದ್ವಿ, ಅದು ಎರಡಕ್ಕಿಂತಾನೂ ಚಲೋ ಇತ್ತು. ಇದರಾಗ ಯಾವುದನ್ನ ಕೆತ್ತಸ್ತೀರಿ?"

"ಅಷ್ಟೂ ಬರಿಯಾಕ ಕಲ್ಲು ಸಾಲೂದಿಲ್ಲ," ಅಂದ ಫಕ್ಕೀರಪ್ಪ.

"ದೊಡ್ಡ ಕಲ್ಲು ತರಸೂಣು," ಅಂದ ವಾಮನರಾವ್. "ಆದ್ರ ಮ್ಯಾಲಿನ ಹೆಸರು ಸಾಹೇಬ್ರದ."

"ಅದ್ಯಾಕ? ಗೆದ್ದಾಂವಂದು ಮ್ಯಾಲೆ ಬರಬೇಕು!"

ಕೂಗಾಡುತ್ತಲೇ ಇಬ್ಬರೂ ಓಣಿಗಿಳಿದರು. ಗುರುಪಾದ ನನ್ನನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ತೊಡೆಯ ಮೇಲಿಟ್ಟುಕೊಂಡ. ನುಡಿಸಲಿಲ್ಲ. ನನ್ನ ಕುತ್ತಿಗೆಯ ಮೇಲೆ, ಸಿರಿಲನ ಬೆರಳು ಊರಿ ಊರಿ ತಗ್ಗಾದ ಜಾಗಗಳ ಮೇಲೆ, ತನ್ನ ಬೆರಳಿಟ್ಟು ಸುಮ್ಮನೆ ಕೂತ. ಓಣಿಯ ತಿರುವಿನಿಂದ ವಾಮನರಾವನ ಕೀರಲು ದನಿ ಇನ್ನೂ ಕೇಳಿಸುತ್ತಿತ್ತು.

"ಸಾಹೇಬ್ರ," ಎಂದು ಅವನು ನನಗೆ ಅಂದ, ನಗುತ್ತ. "ಇವರದಿನ್ನೂ ಮುಗದಿಲ್ರಿ."