ಮೇಲಿನಿಂದ ಆರನೆಯ ರೊಟ್ಟಿ

ನಾನು ರೊಟ್ಟಿ ಬಡಿಯುವ ಹಲಗೆ. ಗದಗಿನ ಬಡಿಗನೊಬ್ಬ ಬೇವಿನ ದಿಮ್ಮಿಯಿಂದ ನನ್ನನ್ನು ಕೊರೆದು ಮಗಳ ಮದುವೆಗೆ ಕೊಟ್ಟ. ಆ ಮದುಮಗಳು ಮುದುಕಿಯಾದಾಗ ನನ್ನನ್ನು ಸೊಸೆ ಕಾಶವ್ವನಿಗೆ ಒಪ್ಪಿಸಿದಳು. ಕಾಶವ್ವ ನನ್ನನ್ನು ಸೊಂಟಕ್ಕೆ ಇಟ್ಟುಕೊಂಡು ಇಂದಿರವ್ವನ ರೊಟ್ಟಿ ಕೇಂದ್ರಕ್ಕೆ ಕೆಲಸಕ್ಕೆ ಹೋದಳು.

ಕೆಳಗಿನಿಂದ ನನಗೆ ಅವಳ ಗಲ್ಲ, ತುಟಿ ಕಾಣುತ್ತಿದ್ದವು. ಹೆಚ್ಚು ಗೊತ್ತಿದ್ದದ್ದು ಅಂಗೈ. ಬಲಗೈ ಬಡಿಯುತ್ತಿತ್ತು, ಎಡಗೈ ಅಂಚು ಹಿಡಿದು ತಿರುಗಿಸುತ್ತಿತ್ತು.

ಒಂದು ದಿನ ಆ ಎಡಗೈ ನನ್ನ ಮೇಲೆ ಸುಮ್ಮನೆ ಬಿದ್ದುಕೊಂಡಿತು. ರೊಟ್ಟಿ ಸೊಟ್ಟಗಾಯಿತು. ಪಕ್ಕದ ಹಲಗೆಯ ರುಕ್ಮವ್ವ ನಕ್ಕಳು.

"ಏ ಕಾಶವ್ವ, ರೊಟ್ಟಿ ಬಡಿಯಾಕತ್ತಿಯೊ, ಕರ್ನಾಟಕದ ನಕಾಶಿ ತಗಿಯಾಕತ್ತಿಯೊ?"

"ಕೈಗೆ ಜೋಮು ಹಿಡದೈತಿ ಬಿಡವ್ವ."

ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು. ಜೋಮಲ್ಲವೆಂದು ಅವಳಿಗೂ ಅನುಮಾನವಿತ್ತು. ಹೇಳಿದರೆ ನಾಳೆಯಿಂದ ಬರಬೇಡ ಎಂದಾರೆಂದು ನುಂಗಿಕೊಂಡಳು. ನನಗೆ ಬಾಯಿಲ್ಲ.

ಅದಾದ ಐದನೆಯ ದಿನ ರುಕ್ಮವ್ವ ಗಿರಣಿಯಿಂದ ಹಿಟ್ಟು ತಂದಾಗ ಕಾಶವ್ವನ ರೊಟ್ಟಿ ಮತ್ತೆ ಸೊಟ್ಟಗಿತ್ತು. "ಇವತ್ತೂ ನಕಾಶೀನ?" ಎಂದಳು. ಕಾಶವ್ವನೂ ನಕ್ಕಳು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

ಅದನ್ನು ಕಂಡ ರುಕ್ಮವ್ವ ಹಿಟ್ಟಿನ ಡಬ್ಬಿ ಇಳಿಸಿದಳು. "ಎರಡೂ ಕೈ ಮ್ಯಾಲೆತ್ತು." ಎಡಗೈ ಅರ್ಧಕ್ಕೇ ಜಾರಿ ನನ್ನ ಮೇಲೆ ಬಿತ್ತು. "ನನ್ನ ಹೆಸರೇನು, ಹೇಳು." ಮಾತು ತೊದಲಿ ಕಲಸಿಹೋಯಿತು.

"ಗಾಳಿ ಬಡದೈತಿ. ನೀರು ಕುಡಿಸಿ, ಎಣ್ಣಿ ತಿಕ್ಕಿ ಮಲಗಸ್ರಿ" ಎಂದಳು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದ ಇಂದಿರವ್ವ.

"ನೀರು ಬ್ಯಾಡ್ರಿ ಅಕ್ಕಾರ, ಗಂಟಲಿಗೆ ಸಿಗತೈತಿ! ಇದು ಲಕ್ವಾ. ನಮ್ಮತ್ತಿಗೆ ಹಿಂಗ ಎಣ್ಣಿ ತಿಕ್ಕೋತ ಮೂರು ದಿನ ಕುಂತ್ವಿ, ಮುಂದ ಆಕಿ ಹಾಸಿಗಿ ಬಿಟ್ಟು ಏಳಲಿಲ್ಲ. ಆಂಬುಲೆನ್ಸಿಗೆ ಫೋನ್ ಹಚ್ಚರಿ!"

ಆಂಬುಲೆನ್ಸಿನವನು ಬಂದು ಕೇಳಿದ, "ಯಾವಾಗ ಶುರುವಾತು?"

ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರ ಬೆಂದ ರೊಟ್ಟಿ ಬೇರೆ ಬೇರೆ ಪೇರಿಸಿಟ್ಟಿದ್ದ ಬುಟ್ಟಿಯತ್ತ ರುಕ್ಮವ್ವ ಓಡಿದಳು. ಕಾಶವ್ವನ ರೊಟ್ಟಿಗಳನ್ನು ಮೇಲಿನಿಂದ ಒಂದೊಂದಾಗಿ ತೆಗೆದಳು. ಆರನೆಯದರವರೆಗೂ ಸೊಟ್ಟ, ಏಳನೆಯದು ದುಂಡಗೆ.

"ಒಂದು ರೊಟ್ಟಿಗೆ ಎರಡು ನಿಮಿಷ. ನಾ ಬಂದಾಗ ಹತ್ತೂವರಿ. ಹತ್ತೂಕಾಲಿನ ತನಕ ಈಕಿ ಚಲೋ ಇದ್ದಳರಿ!"

ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯ ಹೊತ್ತು ಮೀರಿಲ್ಲವೆಂದು ದವಾಖಾನೆಯಲ್ಲಿ ಆ ಲೆಕ್ಕದಿಂದಲೇ ತಿಳಿಯಿತಂತೆ. ಮೊದಲ ಸಲ ಕೈ ಸುಮ್ಮನಾದಾಗಲೇ ಯಾಕೆ ಬರಲಿಲ್ಲವೆಂದು ಡಾಕ್ಟರು ಗದರಿದರಂತೆ.

ಈಗ ನನ್ನ ನಡುವೆ ಬಿರುಕು. ಕೇಂದ್ರಕ್ಕೆ ಯಂತ್ರ ಬಂದಿದೆ, ನಾನು ಕಾಶವ್ವನ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಅವಳು ಒಂದು ಉಂಡೆ ಹಿಟ್ಟಿಟ್ಟು ಎಡಗೈಗೆ ತಿರುಗಿಸುವುದನ್ನು ಕಲಿಸುತ್ತಾಳೆ. ರೊಟ್ಟಿ ಇನ್ನೂ ಪೂರ್ತಿ ದುಂಡಗಾಗುವುದಿಲ್ಲ. ಆದರೆ ಅಂದು ನಾನು ಹೇಳಲಾಗದ್ದನ್ನು ಈಗ ಅವಳೇ ಹೇಳುತ್ತಾಳೆ. ಬೆರಳು ಚೂರು ಜೋಮು ಹಿಡಿದರೂ ಸಾಕು, ಕಿಟಕಿಯಿಂದ ಪಕ್ಕದ ಮನೆಗೆ ಕೂಗುತ್ತಾಳೆ:

"ರುಕ್ಮವ್ವಾ, ಲಗೂನ ಬಾರವ್ವ, ನನ್ನ ನಗಿ ನೋಡು!"