ಟೇಪಿನ ಕೆಳಗೆ ಇದ್ದದ್ದು

ವಿಮಾನಕ್ಕೆ ನಾಲ್ಕು ತಿಂಗಳ ಪಿಂಚಣಿ. ಆರು ವಾರದ ಊಟ, ವಸತಿ, ಮುಳುಗುವ ತರಬೇತಿಗೆ ತೀರಿಹೋದ ಹೆಂಡತಿ ಕೂಡಿಟ್ಟಿದ್ದ ಹಣ. ಕಿವಿಯೂ ಎದೆಯೂ ಗಟ್ಟಿಯಾಗಿವೆ ಎಂಬ ವೈದ್ಯರ ಕಾಗದಕ್ಕೆ ಒಂದು ಇಡೀ ಬೆಳಗ್ಗೆ. ಇಷ್ಟೆಲ್ಲ ತೆತ್ತು ಆ ನಿವೃತ್ತ ಲ್ಯಾಬ್ ನೌಕರರು ಪರದೇಶದ ಸಮುದ್ರದಲ್ಲಿ ಹವಳ ಕಾಯುವ ತಂಡವೊಂದರ ಬಿಟ್ಟಿ ಕೆಲಸಕ್ಕೆ ಹೊರಟಿದ್ದರು. ಅರ್ಜಿ ತುಂಬಿದವಳು ತಂಗಿ.

"ಗೋಡೆ ನೋಡ್ತಾ ಕೂರೋದಕ್ಕಿಂತ ಮೀನಾದ್ರೂ ನೋಡು ಅಣ್ಣ. ಅವೂ ನಿನ್ನ ಹಾಗೇ, ಬಾಯಿ ತೆರೀತಾವೆ, ಮಾತಾಡಲ್ಲ" ಎಂದಿದ್ದಳು.

ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣ ಎಣಿಸಿದವರೆಂದು ಅವರಿಗೆ ಇಲ್ಲಿಯೂ ಎಣಿಸುವ ಕೆಲಸವೇ ಬಿತ್ತು. ಜೊತೆಗೆ ಮುಳುಗುತ್ತಿದ್ದ, ಅವರ ನಾಡಿನ ಬೇಕರಿಯೊಂದರಿಂದ ರಜೆ ಹಾಕಿ ಬಂದಿದ್ದ ಹುಡುಗಿ ಮೊದಲ ದಿನವೇ 'ಲ್ಯಾಬ್ ಮಾಮ' ಎಂದು ಹೆಸರಿಟ್ಟಳು. ಸಮುದ್ರದ ತಳದಲ್ಲಿ ನೆಟ್ಟ ಎರಡು ಕಬ್ಬಿಣದ ಗೂಟಗಳ ನಡುವೆ ಐವತ್ತು ಮೀಟರ್ ಟೇಪು ಎಳೆಯಬೇಕು. ಅರ್ಧ ಮೀಟರಿಗೊಮ್ಮೆ ಟೇಪಿನ ಕೆಳಗೆ ಇರುವುದು ಜೀವಂತ ಹವಳವೋ, ಸತ್ತದ್ದೋ, ಬರೀ ಮರಳೋ ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತಿಸಬೇಕು. ಸಾಲಿಗೆ ನೂರು ಗುರುತು. ಕೆಳಗೆ ತಮ್ಮ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಮಾಮನಿಗೆ ಅದು ಹಿಡಿಸಿತು. ಹಳದಿ ಮೀನುಗಳ ಹಿಂಡು ಕನ್ನಡಕದ ಮುಂದೆ ಹಾದರೂ ಒಳಗೆ ಏನೂ ಅಲುಗುತ್ತಿರಲಿಲ್ಲ.

ನಾಲ್ಕನೇ ವಾರ, ಮೂರನೇ ಸಾಲಿನಲ್ಲಿ ಅರವತ್ತೆರಡು ಜೀವಂತ ಗುರುತು ಬಂದವು. ಟೇಪು ಸುತ್ತುವಾಗ ಆಚೆ ಪಾಚಿ ಕಟ್ಟಿದ ಇನ್ನೊಂದು ಗೂಟ ಕಂಡಿತು. ಉಜ್ಜಿ ನೋಡಿದರೆ ಅದರ ಮೇಲೂ ಮೂರನೇ ನಂಬರು. ಅದರ ಜೋಡಿಯನ್ನೂ ಹುಡುಕಿ, ಹುಡುಗಿಗೆ ಸನ್ನೆ ಮಾಡಿ ಅಲ್ಲಿಯೂ ಟೇಪು ಎಳೆಸಿದರು. ಬೂದಿ ಬಣ್ಣದ ಮುರುಕುಗಳ ನಡುವೆ ಹತ್ತೊಂಬತ್ತು.

ದಡದಲ್ಲಿ, ನಮ್ಮ ಕರಾವಳಿಯಿಂದ ಬಂದು ಇಲ್ಲೇ ನೆಲೆಸಿದ್ದ, ಎಲ್ಲರೂ 'ಮೇಷ್ಟ್ರು' ಎನ್ನುತ್ತಿದ್ದ ತರಬೇತುದಾರರು ಸಿಹಿನೀರಿನ ತೊಟ್ಟಿಯಲ್ಲಿ ಉಡುಪು ಜಾಲಿಸುತ್ತಿದ್ದರು.

"ಹೊಸ ಗೂಟ ನೆಟ್ಟಿದ್ದು ಯಾರು?" ಮಾಮ ಕೇಳಿದರು.

ಮೇಷ್ಟ್ರು ತಲೆ ಎತ್ತಲಿಲ್ಲ. "ನಾನೇ. ಎರಡು ವರ್ಷ ಆಯ್ತು. ಎಣಿಕೆ ಮೂವತ್ತಕ್ಕಿಂತ ಕೆಳಗಿಳಿದ್ರೆ ಇಲ್ಲಿಯ ಸಮುದ್ರ ಇಲಾಖೆಯವರು ಇಡೀ ಕೊಲ್ಲಿ ಮುಚ್ಚಿಸ್ತಾರೆ. ನಮ್ಮನ್ನೂ ಎಬ್ಬಿಸ್ತಾರೆ. ನಾವು ಇದ್ರೆ ತಾನೆ ಬಲೆಯೋರು ದೂರ ಇರೋದು?"

"ದೂರ ಇದ್ದಾರಾ?"

"ಹಗಲು ಇರ್ತಾರೆ. ನೋಡಿ, ಹದಿನಾಲ್ಕು ವರ್ಷದಿಂದ ಈ ಹವಳ ಕಾಯ್ತಿದ್ದೀನಿ. ಜೇಬು ತುಂಬಿಸ್ಕೊಂಡಿದ್ರೆ ಈ ಹರಿದ ಚಡ್ಡೀಲಿ ಇರ್ತಿದ್ನಾ?"

ಅದು ನಿಜ. ಚಡ್ಡಿಗೆ ಎರಡು ಕಡೆ ತೇಪೆಯಿತ್ತು.

"ಮೇಷ್ಟ್ರು ಹೇಳೋದ್ರಲ್ಲೂ ಅರ್ಥ ಇದೆ ಮಾಮ. ನಾವೆಲ್ಲ ಹೋಗ್ಬಿಟ್ರೆ ಇಲ್ಲಿ ಯಾರಿರ್ತಾರೆ?" ಎಂದಳು ಹುಡುಗಿ.

"ಅರವತ್ತೆರಡು ಬರೆದು ಸಹಿ ಹಾಕ್ಬಿಡಿ. ಹೊಸ ಗೂಟದಲ್ಲಿ ನೀವೇ ಎಣಿಸಿದ್ದಲ್ವಾ, ಸುಳ್ಳೇನಲ್ಲ" ಎಂದು ಮೇಷ್ಟ್ರು ವರದಿಯ ಹಾಳೆ ಮುಂದೆ ಮಾಡಿದರು.

ಮಾಮ ಹಾಳೆ ತೆಗೆದುಕೊಂಡರು, ಬರೆಯಲಿಲ್ಲ.

"ನನ್ನ ಹೆಂಡತಿ ರಕ್ತಾನೂ ನಾನೇ ಎಣಿಸಿದ್ದು. ಕಣ ಕಡಿಮೆ ಬಂತು. ಗಾಜಿನ ಮೇಲೆ ಸರಿಯಾಗಿ ಬಳಿದಿಲ್ಲ ಅಂದ್ಕೊಂಡು ಇನ್ನೊಂದು ಗಾಜು ಮಾಡ್ದೆ. ಅದೂ ಕಡಿಮೆ. ಮೂರನೇದು ಪರವಾಗಿಲ್ಲ ಅನ್ನೋ ಹಾಗಿತ್ತು. ಅದನ್ನೇ ಬರೆದೆ. ಅದೂ ನಾನೇ ಎಣಿಸಿದ್ದು, ಸುಳ್ಳೇನಲ್ಲ."

"ಆಮೇಲೆ?" ಹುಡುಗಿ ಕೇಳಿದಳು.

"ರಿಪೋರ್ಟ್ ನೋಡಿ ಅವಳಿಗೆ ಖುಷಿಯಾಯ್ತು. ಹತ್ತು ವಾರ ಕೆಲಸಕ್ಕೆ ಹೋದ್ಳು. ಡಾಕ್ಟರಿಗೆ ಬೇಕಾಗಿದ್ದಿದ್ದು ಆ ಹತ್ತು ವಾರಾನೇ."

ಇದನ್ನು ಅವರು ತಂಗಿಗೂ ಹೇಳಿರಲಿಲ್ಲ. ಈಗ ಹೇಳಿದ್ದೂ ಯಾರದೋ ವರದಿಯನ್ನು ಓದಿ ಹೇಳಿದ ಹಾಗಿತ್ತು.

"ಇದು ಹವಳ ಮಾರಾಯ್ರೇ, ಹೆಂಡತಿ ಅಲ್ಲ" ಎಂದರು ಮೇಷ್ಟ್ರು, ಮೆಲ್ಲಗೆ.

"ಅಲ್ಲ. ಆದ್ರೆ ಒಳ್ಳೇ ನಂಬರ್ ನೋಡಿದವರು ಯಾರೂ ಔಷಧಿ ಹುಡುಕಲ್ಲ."

ತೊಟ್ಟಿಯ ನಲ್ಲಿ ಸುರಿಯುತ್ತಲೇ ಇತ್ತು. ಮಾಮ ಎರಡು ಸಾಲು ಬರೆದರು. ಹಳೆಯ ಗೂಟ, ಹತ್ತೊಂಬತ್ತು. ಹೊಸ ಗೂಟ, ಅರವತ್ತೆರಡು. ಸಹಿ ಹಾಕಿ ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಮೇಷ್ಟ್ರು ಅದನ್ನು ಹರಿಯಬಹುದಿತ್ತು. ಹುಡುಗಿ ಹಾಗೇ ಆಗುತ್ತದೆ ಎಂದುಕೊಂಡಿದ್ದಳು. ಅವರು ನಲ್ಲಿ ನಿಲ್ಲಿಸಿದರು. ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಆ ಎರಡು ಸಾಲನ್ನು ಓದಿದರು.

"ಯಾರು ನೆಟ್ಟಿದ್ದು ಅಂತ ಇಲಾಖೆಯವರು ಕೇಳ್ತಾರಲ್ಲ" ಎಂದು ಪೆನ್ಸಿಲ್ ಈಸಿಕೊಂಡು ಹೊಸ ಗೂಟದ ಪಕ್ಕ ತಮ್ಮ ಹೆಸರು ಬರೆದರು.

ಹನ್ನೆರಡು ದಿನಕ್ಕೆ ಇಲಾಖೆಯ ಆದೇಶ ಬಂತು. ಮೂರು ವರ್ಷ ಕೊಲ್ಲಿಯೊಳಗೆ ಬಲೆ ಇಲ್ಲ, ಲಂಗರು ಇಲ್ಲ, ಮುಳುಗುವವರೂ ಇಲ್ಲ. ಕೊಲ್ಲಿಯ ಬಾಯಲ್ಲಿ ಕಾವಲು ದೋಣಿಯೊಂದು ರಾತ್ರಿಯೂ ನಿಂತಿತು. ಹುಡುಗಿ ಮರುದಿನವೇ ಬೇಕರಿಗೆ ಹೊರಟಳು. ಮಾಮ ಊರಿಗೆ ಮರಳಿ, ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಮೂರು ಗಾಜಿನ ವಿಷಯ ಹೇಳಿದರು. ಅವಳು ಎದ್ದು ಒಳಗೆ ಹೋದಳು. ತಿಂಗಳಾದರೂ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಹಗುರವೇನೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ.

ಮೇಷ್ಟ್ರ ಹದಿನಾಲ್ಕು ವರ್ಷದ ಕೆಲಸ ಹೋಯಿತು. ಹವಳಕ್ಕೆ ಮೂರು ವರ್ಷ ಸಿಕ್ಕಿತು.