ಕಾಲಿಡದ ಕಡೆಗೊಂದು ಬಾಣ

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್‌ನಲ್ಲಿ ನೀಲಾಂಬಿಕಾ ನಾಲ್ಕು ವರ್ಷ ಶರ್ಟಿನ ಕಾಲರ್ ಹೊಲಿದವಳು. ರಜೆಯ ದಿನಗಳಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಹೇಗೋ ಹೆಣಗಾಡಿ ಆಫೀಸಿನಲ್ಲೊಂದು ಕುರ್ಚಿ ಹಿಡಿದಿದ್ದಳು. ಅವಳ ಅಕ್ಕ ಭುವನೇಶ್ವರಿ ಮಾತ್ರ ಇನ್ನೂ ಮೂರನೇ ಮಹಡಿಯ ಹೊಲಿಗೆ ಲೈನಿನಲ್ಲೇ ಇದ್ದಳು.

೨೦೧೪ರಲ್ಲಿ ಬಟ್ಟೆ ಕೊಳ್ಳುವ ಹೊರದೇಶದ ಬೈಯರ್‌ಗಳು ಹೊಸ ರಾಗ ತೆಗೆದರು. ಪ್ರತಿಸಲ ವಿಮಾನ ಹತ್ತಿ ಬರಲಾಗದು, ಕೂತಲ್ಲೇ ಇಡೀ ಫ್ಯಾಕ್ಟರಿ ಸುತ್ತಿ ನೋಡುವಂತೆ ಕಂಪ್ಯೂಟರಿನಲ್ಲಿ ಟೂರ್ ಮಾಡಿಕೊಡಿ ಅಂದರು. ಮ್ಯಾನೇಜರ್ ರಾಮಯ್ಯನವರು ದುಡ್ಡು ಕೊಟ್ಟು ಹೊರಗಿನವರನ್ನು ಕರೆಸುವ ಆಸಾಮಿಯಲ್ಲ. "ನೀನೇ ಕಲ್ತ್ಕೊಂಡು ಮಾಡ್ಬಿಡಮ್ಮ" ಎಂದು ಕ್ಯಾಮೆರಾವನ್ನು ಅವಳ ಕೈಗಿಟ್ಟರು.

ಕ್ಲಾಸಿನ ಉಮಾಶ್ರೀ ಮೇಡಂ ಕಲಿಸಿಕೊಟ್ಟರು. ಒಂದೆಡೆ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ತಿರುಗಿಸುತ್ತ ಹನ್ನೆರಡು ಫೋಟೋ ತೆಗೆಯಬೇಕು, ಸಾಫ್ಟ್‌ವೇರ್ ಅವನ್ನು ಜೋಡಿಸಿ ಸುತ್ತಲೂ ಕಾಣುವ ಒಂದೇ ಚಿತ್ರ ಮಾಡುತ್ತದೆ. ಮಹಡಿಯ ನಕ್ಷೆಯಲ್ಲಿ ಆ ಜಾಗಕ್ಕೊಂದು ಚುಕ್ಕಿ. ಬಾಗಿಲ ಮೇಲೊಂದು ಹಸಿರು ಬಾಣ. ಬಾಣ ಒತ್ತಿದರೆ ಮುಂದಿನ ಕೋಣೆ. "ಒಂದು ಮಾತು ನೆನಪಿಟ್ಕೋ ಕಣೆ, ನಿನ್ನ ಕಾಲು ದಾಟಿದ ಕಡೆ ಮಾತ್ರ ಬಾಣ ಹಾಕ್ಬೇಕು" ಎಂದಿದ್ದರು ಮೇಡಂ.

ನೀಲಾ ಫ್ಯಾಕ್ಟರಿಯೆಲ್ಲ ಸುತ್ತಿದಳು. ಕೊನೆಗೆ ಉಳಿದದ್ದು ಮೂರನೇ ಮಹಡಿಯ ಹಿಂಬಾಗಿಲು. ಬೆಂಕಿ ಬಿದ್ದಾಗ ಹೊರಗೋಡಲು ಇದ್ದ ಬಾಗಿಲದು. ಬಟ್ಟೆ ಕಳುವಾಗುತ್ತದೆಂದು ಯಾವ ಕಾಲದಲ್ಲೋ ಅದಕ್ಕೆ ಹೊರಗಿನಿಂದ ಬೀಗ ಜಡಿದಿದ್ದರು. ಗೇಟಿನ ಮುನಿಯಣ್ಣನನ್ನು ಕೇಳಿದರೆ, "ಅದರ ಬೀಗದ ಕೈ ಹಳೇ ಸೆಕ್ಯೂರಿಟಿಯೋರ ಜೊತೇಲೇ ಹೋಯ್ತು ಕಣಮ್ಮ" ಅಂದ.

ಸಂಜೆಯೊಳಗೆ ಟೂರ್ ಕಳಿಸಬೇಕಿತ್ತು. ಕೊನೆಯ ಬಾಗಿಲು ಬಾಣವಿಲ್ಲದೆ ಬೋಳಾಗಿ ನಿಂತರೆ ತನ್ನ ಮೊದಲ ಕೆಲಸವೇ ಅರ್ಧಂಬರ್ಧ ಕಾಣುತ್ತದಲ್ಲ ಎಂಬ ಚಿಂತೆ ಅವಳಿಗೆ. ಒಳಗಿನಿಂದ ಬಾಗಿಲ ಫೋಟೋ ತೆಗೆದಳು. ಕೆಳಗಿಳಿದು, ಕಟ್ಟಡ ಸುತ್ತಿ, ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೊರಗಿನಿಂದಲೂ ತೆಗೆದಳು. ಎರಡಕ್ಕೂ ನಡುವೆ ಬಾಣ ಹಾಕಿದಳು. ಹೊರಗಿನ ಫೋಟೋದಲ್ಲಿ ಬೀಗ ಕಾಣುತ್ತಿದ್ದ ಜಾಗಕ್ಕೆ ಪಕ್ಕದ ಬಣ್ಣ ಬಳಿದು ಅಳಿಸಿದಳು. ಬಾಣ ಒತ್ತಿದರೆ ಬಾಗಿಲು ದಾಟಿ ಆಕಾಶವೇ ಕಾಣುತ್ತಿತ್ತು. ಎಷ್ಟು ಚೆಂದ ಬಂದಿದೆಯೆಂದು ತಾನೇ ನಾಲ್ಕು ಸಲ ಒತ್ತಿ ನೋಡಿದಳು, ಪುಣ್ಯಾತ್ಗಿತ್ತಿ.

ಬೈಯರ್‌ಗಳು ಮೆಚ್ಚಿದರು. ಅಲ್ಲಿಗೇ ಮುಗಿದಿದ್ದರೆ ಒಂದು ಸುಳ್ಳು ಕಂಪ್ಯೂಟರಿನೊಳಗೇ ಕೊಳೆಯುತ್ತಿತ್ತು. ಆದರೆ ರಾಮಯ್ಯನವರಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಬೆಂಕಿ ಬಿದ್ದರೆ ಹೇಗೆ ಓಡಬೇಕೆಂಬ ತರಬೇತಿಗೆ ಅದೇ ಟೂರನ್ನು ದೊಡ್ಡ ಟಿವಿಗೆ ಹಾಕಿಸಿದರು. ವಾರಕ್ಕೊಂದು ಸಲ, ಊಟದ ಬಿಡುವಿನಲ್ಲಿ, ಮೂರನೇ ಮಹಡಿಯ ನೂರಹತ್ತು ಹೆಂಗಸರು ಹಸಿರು ಬಾಣದ ಹಿಂದೆ ಹೋಗುವುದನ್ನು ಕಲಿತರು.

ಮೊದಲ ತರಬೇತಿಯ ದಿನವೇ ನೀಲಾ ಅದನ್ನು ಟಿವಿಯಲ್ಲಿ ಕಂಡಳು. ರಾಮಯ್ಯನವರ ಹತ್ತಿರ ಓಡಿದಳು.

"ಸಾರ್, ಆ ಬಾಗ್ಲು ಓಪನ್ ಆಗಲ್ಲ. ಬೀಗಾನಾದ್ರೂ ಒಡೆಸಿ ಸಾರ್."

"ಒಡೆಸೋಣ ಬಿಡಮ್ಮ. ಸುಮ್ನೆ ತಲೆ ಕೆಡಿಸ್ಕೋಬೇಡ. ಆಫೀಸ್ ಬೇಜಾರಾಗಿದ್ರೆ ಹೇಳು, ವಾಪಸ್ ಕಾಲರ್ ಲೈನಿಗೆ ಹಾಕ್ತೀನಿ."

ಕುರ್ಚಿ ಹೋದೀತೆಂದು ವಾಪಸ್ ಬಂದಳು. ನಾಚಿಕೆಯಾಯಿತು, ಆದರೂ ಬಂದಳು. ಹೀಗೇ ಎರಡು ತಿಂಗಳು ಕಳೆಯಿತು. ಬೀಗ ಇದ್ದಲ್ಲೇ ಇತ್ತು. ಅಕ್ಕನಿಗಾದರೂ ಹೇಳಬೇಕೆಂದು ದಿನಾ ಅಂದುಕೊಳ್ಳುವಳು, ರೊಟ್ಟಿ ತಟ್ಟುತ್ತ ಕೂತ ಅವಳ ಮುಖ ನೋಡಿದರೆ ಬೇರೇನೋ ಮಾತು ತೆಗೆಯುವಳು.

ಒಂದು ಗುರುವಾರ ಬೆಳಿಗ್ಗೆ ಭುವನೇಶ್ವರಿಯೇ ಮಾತು ತೆಗೆದಳು. "ಲೈನಿನ್ಯಾಗ ಎಲ್ಲಾರೂ ನಿನ್ನ ಹೊಗಳೂದ ಹೊಗಳೂದು ನೋಡ. ಆ ಟಿವಿಯಾಗಿಂದು ನಮ್ಮ ತಂಗಿ ಮಾಡ್ಯಾಳಂತ ನಾನೂ ಹೇಳಿಕೊಂಡು ತಿರಗತೀನಿ."

ನೀಲಾ ತಟ್ಟೆ ಸರಿಸಿ ಎದ್ದಳು. ಆಫೀಸಿಗೆ ಹೋದವಳೇ ಕಂಪ್ಯೂಟರ್ ತೆರೆದು ಆ ಬಾಣವನ್ನು ಅಳಿಸಿದಳು. ಕುರ್ಚಿ ಹಾಳಾಗಿ ಹೋಗಲಿ ಎಂದು ಮೂರನೇ ಮಹಡಿಗೆ ಹತ್ತಿ, ಅಕ್ಕನ ಮಷೀನಿನ ಪಕ್ಕ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಯಕ್ಕಾ, ಆ ಹಿಂದಿನ ಬಾಗಲಕ್ಕ ಬೀಗ ಐತಿ. ನಾ ಸುಳ್ಳು ತೋರ್ಸೇನಿ. ಈಗ ಆ ಬಾಣ ಅಳಿಸಿ ಬಂದೇನಿ."

ಮಷೀನುಗಳ ಗದ್ದಲ. ಭುವನೇಶ್ವರಿ ನಕ್ಕಳು. ಅವಳಿಗೆ ಕೊನೆಯ ಮಾತಷ್ಟೇ ಕೇಳಿಸಿತ್ತು. "ಅಳಿಸಿದ್ರ ಏನಾತು. ಈಗ ನಮಗ ಬಾಯಿಪಾಠ ಆಗೇತಿ. ಕಣ್ಣು ಮುಚ್ಚಿದ್ರೂ ಹೋಗ್ತೀವಿ."

ನೀಲಾ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸೈರನ್ ಹೊಡೆದುಕೊಂಡಿತು. ಪಕ್ಕದ ಗೋಡೌನಿನ ಕಡೆಯ ಕಿಟಕಿಗಳಿಂದ ಸುಟ್ಟ ಬಟ್ಟೆಯ ಕಪ್ಪು ಹೊಗೆ ಒಳಗೆ ನುಗ್ಗಿತು. ನೂರಹತ್ತು ಹೆಂಗಸರೂ ಒಟ್ಟಿಗೆ ಎದ್ದರು. ಚೀರಾಟವಿಲ್ಲ, ಗಲಿಬಿಲಿಯಿಲ್ಲ. ಕಲಿಸಿದಂತೆಯೇ ಇಸ್ತ್ರಿ ಮೇಜಿನ ಹತ್ತಿರ ಎಡಕ್ಕೆ ತಿರುಗಿ ಹಿಂಬಾಗಿಲ ಕಡೆ ಹೊರಟರು. ದಿನಾ ಹತ್ತಿ ಬರುತ್ತಿದ್ದ ಮುಂದಿನ ಮೆಟ್ಟಿಲ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಅಲ್ಲಿಗಿನ್ನೂ ಹೊಗೆ ತಲುಪಿರಲಿಲ್ಲ.

"ಆ ಕಡೆ ಬ್ಯಾಡ್ರಿ! ಮುಂದಿನ ಮೆಟ್ಲಿಗೆ ನಡೀರಿ!" ಎಂದು ನೀಲಾ ಕಿರುಚಿಕೊಂಡಳು. ಸೈರನ್ನಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಭುವನೇಶ್ವರಿ ತಂಗಿಯ ಕೈ ಗಟ್ಟಿಯಾಗಿ ಹಿಡಿದು ಎಳೆದಳು.

"ಅಂಜಬ್ಯಾಡ, ಬಾ. ದಾರಿ ಗೊತ್ತೈತಿ ನಮಗ."

ಬೆನ್ನ ಹಿಂದಿನಿಂದ ಜನರ ಭಾರ ಬಿತ್ತು. ಮುಂದಿದ್ದವರು ಆಗಲೇ ಬಾಗಿಲನ್ನು ತಳ್ಳತೊಡಗಿದ್ದರು.